ಖಂಡೇಪೂಜೆಗೆ ಕೂತ ಕಂಪ್ಯೂಟರ್

ಕಳ್ಳತನ ಮಾಡಿದ್ದು ನಮ್ಮ ಶಾಲೆಯ ಆಡಳಿತ ಮಂಡಳಿ. ಕಳ್ಳಿ ಎಂಬ ಹೆಸರು ಹೊತ್ತವರು ನಮ್ಮ ಕಂಪ್ಯೂಟರ್ ಟೀಚರ್. ಸಿಟ್ಟಿನ ಭರದಲ್ಲಿ ಇದನ್ನು ಬರೆಯುತ್ತಿಲ್ಲ. ಕದ್ದ ವಸ್ತು ಈಗ ನನ್ನ ಮೇಜಿನ ಮೇಲಿದೆ. ಅದರ ಗುಂಡಿಗಳ ಸಂದಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿದೆ. ಕರೆಂಟು ಹರಿದು ಯಂತ್ರ ಬೆಚ್ಚಗಾದರೆ ಹಳೆಯ ಪ್ಲಾಸ್ಟಿಕ್ಕಿನ ವಾಸನೆಯ ಜೊತೆಗೆ ಊದಿನಕಡ್ಡಿಯ ವಾಸನೆಯೂ ಏಳುತ್ತದೆ...

ಚಿಕ್ಕಂದಿನಲ್ಲಿ ಕಂಡ ಮನೆ ಕಂಪ್ಯೂಟರುಗಳನ್ನು ಹುಡುಕಿ ಕೂಡಿಡುವುದು ನನ್ನ ಹವ್ಯಾಸ. ಕೀಬೋರ್ಡಿನ ಹೊಟ್ಟೆಯಲ್ಲೇ ಇಡೀ ಯಂತ್ರವಿದ್ದು, ಒಂದು ವೈರಿನಿಂದ ಟಿವಿಗೆ ಜೋಡಿಸಿದರೆ ನೀಲಿ ಪರದೆ ಮೂಡುತ್ತಿದ್ದ ಆ ಬಗೆಯವು. ವಿಶ್ವವಿದ್ಯಾಲಯದ ಓದು ಮುಗಿಸಿ ಬಂದ ಮೇಲೆ ಶಹಾಪುರ, ಸುರಪುರಗಳ ಟಿವಿ ರಿಪೇರಿ ಅಂಗಡಿಗಳ ಅಟ್ಟಗಳನ್ನೆಲ್ಲ ಜಾಲಾಡಿದ್ದೇನೆ. ಇದು ಸಿಕ್ಕಿದ್ದು ಯಾದಗಿರಿಯ ಒಂದು ಗುಜರಿ ಅಂಗಡಿಯಲ್ಲಿ, ಕೆಟ್ಟ ಮಿಕ್ಸರುಗಳ ಕೆಳಗೆ. ಯಾವುದೋ ಶಾಲೆಯವರು ತೂಕಕ್ಕೆ ಹಾಕಿ ಹೋದ ಮಾಲು ಎಂದ ಅಂಗಡಿಯವನು. ನನ್ನ ಆಸೆ ಕಂಡು ಅವನಿಗೆ ನಗು. “ಇದನ್ನ ಒಯ್ದು ಏನ್ ಮಾಡ್ತೀರಿ ಮೇಡಂ? ರೊಟ್ಟಿ ಬಡಿಲಾಕೂ ಬರಂಗಿಲ್ಲ.” ನಾನೂ ನಗುತ್ತಲೇ ಅದನ್ನು ಹೊಳ್ಳಿಸಿ ಬೋರಲು ಹಾಕಿದೆ. ತಳದಲ್ಲಿ, ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಸುವ ರೀತಿಯಲ್ಲೇ, ಚುಕ್ಕಿ ಚುಕ್ಕಿಯಾಗಿ ಟೀಚರ್ ಹೆಸರಿತ್ತು. ಅದರ ಕೆಳಗೆ, ‘ಅಣ್ಣನ ಆಹೇರಿ’.

ಆಹೇರಿ ಎಂದರೆ ಮದುವೆಯಲ್ಲಿ ಬಳಗದವರು ಮಾಡುವ ಉಡುಗೊರೆ. ಸುರಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಣ್ಣ, ತಂಗಿಯ ಮದುವೆಗೆ ಕೊಡ, ತಾಟುಗಳ ಸಾಲಿನಲ್ಲಿ ಹೈದರಾಬಾದಿನಿಂದ ತಂದ ಈ ಕಂಪ್ಯೂಟರನ್ನೂ ಇಟ್ಟಿದ್ದರಂತೆ. ಇದರಾಗ ನೀರು ತುಂಬಬೇಕೋ ಅನ್ನ ಬಸಿಬೇಕೋ ಎಂದು ಬೀಗರ ಕಡೆಯ ಹೆಂಗಸರು ಚೇಷ್ಟೆ ಮಾಡಿದ್ದನ್ನು ಟೀಚರ್ ಅದೇ ದನಿಯಲ್ಲಿ ಹೇಳಿ ನಮ್ಮನ್ನು ನಗಿಸುತ್ತಿದ್ದರು.

ಗೋಗಿಯ ಆಚೆಗಿರುವ ನಮ್ಮ ಹಳ್ಳಿಗೆ ಅವರು ಸೊಸೆಯಾಗಿ ಬಂದ ಮೇಲೆ, ಹೈದರಾಬಾದಿನಲ್ಲಿದ್ದ ಊರಿನವರೊಬ್ಬರು ನಮ್ಮ ಖಾಸಗಿ ಶಾಲೆಗೆ ಅದೇ ಬಗೆಯ ಐದು ಕಂಪ್ಯೂಟರ್ ದಾನ ಕೊಟ್ಟರು. ನಡೆಸಲು ಬರುತ್ತಿದ್ದುದು ಊರಲ್ಲಿ ಇವರೊಬ್ಬರಿಗೇ; ಹಂಗಾಮಿ ಟೀಚರ್ ಆದರು. ಆದರೆ ಕಂಪ್ಯೂಟರ್ ಕೋಣೆಯ ಕೀಲಿ ಮಂಡಳಿಯ ಕಾರ್ಯದರ್ಶಿಗಳ ಜೇಬು ಬಿಟ್ಟು ಬರಲಿಲ್ಲ. ಮಕ್ಕಳ ಕೈ ಹತ್ತಿದರೆ ಕೆಡುತ್ತವೆ ಎಂಬುದು ಅವರ ವಾದ. ನಾವು ಕಿಟಕಿಯ ಸರಳಿಗೆ ಮುಖ ಒತ್ತಿ, ಪ್ಲಾಸ್ಟಿಕ್ ಹಾಳೆ ಹೊದ್ದ ಯಂತ್ರಗಳನ್ನು ನೋಡಿ ಬರುತ್ತಿದ್ದೆವು. ಐದರಲ್ಲಿ ಒಂದು ಸದ್ದಿಲ್ಲದೆ ಕಾರ್ಯದರ್ಶಿಗಳ ಮನೆ ಸೇರಿದ್ದು ಊರಿಗೆಲ್ಲ ಗೊತ್ತಿತ್ತು. ಅವರ ಮಗನೇ ಅದರಲ್ಲಿ ಕಾರಿನ ಆಟ ಆಡಿದ್ದನ್ನು ತರಗತಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ನಾವು ಕಲಿತದ್ದು ಟೀಚರ್ ಮನೆಯ ಪಡಸಾಲೆಯಲ್ಲಿ, ಅವರ ಸ್ವಂತ ಕಂಪ್ಯೂಟರಿನಲ್ಲಿ. ರವಿವಾರ ಅವರ ಅತ್ತೆ ಹೊಲಕ್ಕೆ ಹೋದ ಮೇಲೆ ಟಿವಿಯ ಮುಂದೆ ಸಾಲಾಗಿ ಕೂರುತ್ತಿದ್ದೆವು. ಕೈಯ ಮೇಲೆ ಟವೆಲ್ ಮುಚ್ಚಿ, ಗುಂಡಿ ನೋಡದೆ ನಮ್ಮ ನಮ್ಮ ಹೆಸರು ಒತ್ತಿಸುತ್ತಿದ್ದರು. ನಾನು ತಡವರಿಸಿದರೆ, “ಗಡಬಡಿ ಮಾಡಬ್ಯಾಡ ಅವ್ವಿ, ಬೆರಳಿಗೆ ದಾರಿ ಗೊತ್ತದ,” ಎಂದು ಕಾಯುತ್ತಿದ್ದರು. ಅಷ್ಟು ತಾಳ್ಮೆಯಿಂದ ನನಗಾಗಿ ಕಾದವರು ಆಮೇಲೆ ಯಾರೂ ಸಿಗಲಿಲ್ಲ...

ಆ ವರ್ಷ ದಸರೆಯ ಆಯುಧ ಪೂಜೆಗೆ, ಅಂದರೆ ನಮ್ಮ ಕಡೆಯ ಖಂಡೇಪೂಜೆಗೆ, ಶಾಲೆಯ ಕಂಪ್ಯೂಟರುಗಳನ್ನೂ ಕೂರಿಸಬೇಕೆಂದು ಮಂಡಳಿ ತೀರ್ಮಾನಿಸಿತು. ನೇಗಿಲು, ಕುಡುಗೋಲು, ಮೋಟರ್ ಸೈಕಲ್ಲುಗಳಿಗೆ ಆಗುವ ಪೂಜೆ ಇವಕ್ಕೂ ಆಗಲಿ ಎಂದರು. ಮಕ್ಕಳು ನಿಜಕ್ಕೂ ಮುಟ್ಟಿ ಕಲಿತದ್ದು ತಮ್ಮ ಯಂತ್ರವನ್ನೆಂದು ಟೀಚರ್ ಅದನ್ನೂ ಟವೆಲ್ಲಿನಲ್ಲಿ ಸುತ್ತಿ ತಂದು ಸಾಲಿನ ಕೊನೆಗಿಟ್ಟರು. ವಿಭೂತಿ, ಕುಂಕುಮ, ಚೆಂಡುಹೂವಿನ ಸರ. ದಾನಿಗೆ ಕಳಿಸಲೆಂದು ಫೋಟೋ ತೆಗೆಯಲಾಯಿತು. ಫೋಟೋದಲ್ಲಿ ಯಂತ್ರಗಳು ಸರಿಯಾಗಿ ಐದು.

ಮರುದಿನ ಹಬ್ಬದ ಬನ್ನಿ ಎಲೆ ಹಿಡಿದು, ಹಿರಿಯರಿಗೆ ಕೊಟ್ಟು ತಮ್ಮ ಕಂಪ್ಯೂಟರ್ ಒಯ್ಯಲು ಟೀಚರ್ ಬಂದರು. ಶಾಲೆಯ ಗೇಟಿನಲ್ಲಿ ಕಾರ್ಯದರ್ಶಿ ತಡೆದರು. ಪೂಜೆಗೆ ಕೂತದ್ದೆಲ್ಲ ಶಾಲೆಯದು, ಫೋಟೋ ಸಾಕ್ಷಿಯಿದೆ ಎಂದರು. ಬನ್ನಿ ಕೊಡಲು ಬಂದ ಅರ್ಧ ಊರು ಅಲ್ಲಿತ್ತು, ನಾವು ಮಕ್ಕಳೂ ಇದ್ದೆವು. ಟೀಚರ್ ದನಿ ಏರಿಸಲಿಲ್ಲ.

“ಅದರ ತಳದಾಗ ನಮ್ಮಣ್ಣ ನನ್ನ ಹೆಸರ ಕೊರ್ದಾನ್ರಿ. ಒಂದ್ಸಲ ಹೊಳ್ಳಿಸಿ ನೋಡ್ರಿ.”

“ಪೂಜಿ ಇಳಸೋತನಕ ಬೋರಲ ಹಾಕಬಾರದವಾ. ಇಷ್ಟು ಕಲ್ತಾಕಿ, ಇಷ್ಟೂ ತಿಳಿಯಂಗಿಲ್ಲೇನು ನಿನಗ?”

ಯಾರೋ ಕಿಸಕ್ಕೆಂದರು. ಸುತ್ತಲಿದ್ದ ಹಿರಿಯರು ಶಾಸ್ತ್ರದ ಮಾತೆಂದು ಸುಮ್ಮನಾದರು. ಪೂಜೆಯನ್ನು ಕಾರ್ಯದರ್ಶಿಗಳು ಇಳಿಸಲೇ ಇಲ್ಲ. ಹೂವು ಒಣಗಿತು, ರಜೆ ಮುಗಿಯಿತು, ಕೋಣೆಯ ಬೀಗ ಬೀಗವಾಗಿಯೇ ಉಳಿಯಿತು. ಶಾಲೆಯ ಕಂಪ್ಯೂಟರ್ ಕದಿಯಲು ಬಂದವಳು ಎಂಬ ಮಾತು ಮಾತ್ರ ಊರೂರು ತಿರುಗಿತು. ಟೀಚರ್ ಕೆಲಸ ಹೋಯಿತು. ತವರಿನ ಆಹೇರಿಯೇ ಮನೆತನದ ಮಾನ ಕಳೆಯಿತೆಂದು ಅತ್ತೆ ದಿನಾ ಚುಚ್ಚಿದರು. ಕೊನೆಗೆ ಸುರಪುರದ ಅಣ್ಣನ ಮನೆಗೆ ಮರಳಿ, ಸೀರೆಗೆ ಫಾಲ್ ಹಚ್ಚಿ ಬದುಕಿದರು.

ಕಾಲೇಜಿನ ದಿನಗಳಲ್ಲಿ ಒಮ್ಮೆ ಸುರಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಈಗಲೂ ಗುಂಡಿ ನೋಡದೆ ಒತ್ತುತ್ತೀಯಾ ಎಂದಷ್ಟೇ ಕೇಳಿದರು. ಹೌದ್ರೀ ಟೀಚರ್ ಎಂದೆ. ಅವರ ಬಸ್ಸು ಬಂತು.

ಗುಜರಿಯಲ್ಲಿ ಸಿಕ್ಕ ಯಂತ್ರವನ್ನು ಎದೆಗವಚಿಕೊಂಡು ಸುರಪುರಕ್ಕೆ ಹೋದೆ. ಬಾಗಿಲು ತೆರೆದ ಅಣ್ಣ, ತಂಗಿ ಕಳೆದ ಮಳೆಗಾಲದಲ್ಲಿ ಜಾಂಡೀಸಿನಿಂದ ತೀರಿಕೊಂಡರೆಂದು ತಿಳಿಸಿದರು. ತಾವೇ ಕೊರೆದ ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನನ್ನು ನೋಡದೆ ಕೇಳಿದರು: “ಇಷ್ಟು ಹೊಳ್ಳಿಸಾಕ ಯಾರ ಕೈ ನೊಯ್ತಿತ್ತವಾ?”

ಇದಕ್ಕೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ. ಆಡಳಿತ ಮಂಡಳಿಯ ಮಾನ್ಯರೇ, ಯಂತ್ರ ನಿಮ್ಮದಾಗಿದ್ದರೆ ಅದರ ಮೇಲೆ ಟೀಚರ್ ಹೆಸರೇಕೆ? ಬೋರಲು ಹಾಕಲೂ ಬಾರದಷ್ಟು ಅದು ಪವಿತ್ರವಾಗಿದ್ದರೆ, ಗುಜರಿಯ ತಕ್ಕಡಿಗೆ ಏರಿದ್ದು ಹೇಗೆ? ಫೋಟೋದ ಐದರಲ್ಲಿ ನಿಮ್ಮದಲ್ಲದ್ದು ಒಂದಿತ್ತೆಂದು ದಾನಿಗೆ ಇಂದಿಗಾದರೂ ತಿಳಿಸಿದ್ದೀರಾ?

ಇವಕ್ಕೆ ಲಿಖಿತ ಉತ್ತರವನ್ನು ಕೋರುತ್ತೇನೆ. ಟೀಚರ್ ಮೇಲೆ ಹೊರಿಸಿದ ಆರೋಪ ಸುಳ್ಳೆಂದು ಒಪ್ಪಿ, ಅದನ್ನು ಹಿಂಪಡೆದ ಪತ್ರವನ್ನು ಅಣ್ಣನ ಮನೆಗೆ ಹೋಗಿ ಕೈಯಾರೆ ಕೊಡಬೇಕು. ಅದೇ ಮಾತನ್ನು ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಮಕ್ಕಳು ಸಾಲಾಗಿ ನಿಂತಿರುವಾಗ, ಮೈಕಿನಲ್ಲಿ ಓದಬೇಕು. ಇಡೀ ಲೇಖನದಲ್ಲಿ ನಾನು ಟೀಚರ್ ಹೆಸರನ್ನು ಬರೆದಿಲ್ಲ. ಕೆಡಿಸಿದವರು ನೀವು, ಆ ಹೆಸರನ್ನು ಎಲ್ಲರೆದುರು ಮೊದಲು ನೀವೇ ಗೌರವದಿಂದ ಉಚ್ಚರಿಸಬೇಕೆಂದು ಕಾದಿದ್ದೇನೆ. ಕೇಳಬೇಕಿದ್ದವರು ಹೋಗಿಬಿಟ್ಟರು. ಅವರ ಅಣ್ಣ ಇನ್ನೂ ಇದ್ದಾರೆ, ಅವರಿಗೂ ಈಗ ಕಿವಿ ಮಂದವಾಗುತ್ತಿದೆ. ದಯವಿಟ್ಟು ತಡಮಾಡಬೇಡಿ.