ಬೀಗರ ಮನೆಗೆ ಬಂದ ತೋರ್ಸಮ್ಮ

ನಮ್ಮ ದೊಡ್ಡಮ್ಮನಿಗೆ ಒಂದು ಪದ ಕಂಡರಾಗದು: ‘ಖಾಲಿ’. ತವರಿನ ಅಡುಗೆಮನೆಯಲ್ಲಿ ನಿಂತು ‘ಸಕ್ಕರೆ ಡಬ್ಬಿ ಖಾಲಿ’ ಎಂದು ನಮ್ಮಷ್ಟಕ್ಕೆ ನಾವು ಹೇಳಿಕೊಂಡರೂ ಸಾಕು, ಒಳಕೋಣೆಯಿಂದ ‘ತೋರ್ಸು’ ಎಂಬ ಕೂಗು ಬರುತ್ತದೆ. ಡಬ್ಬಿಯನ್ನು ಅವಳ ಮೂಗಿನ ಕೆಳಗೆ ಹಿಡಿದು, ತಳ ಕಾಣುವ ಹಾಗೆ ಬಾಗಿಸಿ, ಅವಳು ‘ಹೂಂ’ ಅಂದ ಮೇಲೆಯೇ ಅಂಗಡಿಗೆ ಹೊರಡಬೇಕು. ಚಿಕ್ಕವಳಿದ್ದಾಗ ನಾನು ಇವಳಿಗೊಂದು ಸುತ್ತು ಕಡಿಮೆ ಅಂದುಕೊಂಡಿದ್ದೆ. ಸಕ್ಕರೆಯ ವಿಷಯದಲ್ಲಿ ಈಗಲೂ ಹಾಗೇ ಅನ್ನಿಸುತ್ತದೆ. ಬಂದೂಕಿನ ವಿಷಯದಲ್ಲಿ ಅನ್ನಿಸುವುದಿಲ್ಲ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ರೈಫಲ್ ಕ್ಲಬ್ಬಿನಲ್ಲಿ ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಾಳೆ. ವಯಸ್ಸಿನಲ್ಲಿ ತಾನೂ ಪಂದ್ಯಗಳಿಗೆ ಹೋದವಳೇ, ಆದರೆ ಮೂರನೇ ಸ್ಥಾನಕ್ಕಿಂತ ಮೇಲೆ ಏರಿದವಳಲ್ಲ. ಇರುವ ಒಂದೇ ಒಂದು ಕಂಚಿನ ಪದಕವನ್ನು ಗುರಿಯ ಕಾಗದಗಳು ಗಾಳಿಗೆ ಹಾರದಿರಲಿ ಎಂದು ಅವುಗಳ ಮೇಲೆ ಇಟ್ಟಿರುತ್ತಾಳೆ. ಹಳೆಯ ಗೋದಾಮೊಂದನ್ನು ಉದ್ದಕ್ಕೆ ತೆರವು ಮಾಡಿ ಕ್ಲಬ್ ಮಾಡಿದ್ದಾರೆ. ತಗಡಿನ ಮಾಡು, ಆ ತುದಿಯಲ್ಲಿ ಮರಳಿನ ದಿಬ್ಬ, ಈ ತುದಿಯಲ್ಲಿ ರಬ್ಬರ್ ಚಾಪೆಗಳು, ನಡುವೆ ನೆಲದ ಮೇಲೊಂದು ಕೆಂಪು ಗೆರೆ. ರೈಫಲ್‌ಗಳ ಕಬ್ಬಿಣದ ಬೀರುವಿಗೆ ಎರಡು ಬೀಗ. ಒಂದರ ಕೈ ದೊಡ್ಡಮ್ಮನ ಸೊಂಟದಲ್ಲಿ, ಇನ್ನೊಂದರದ್ದು ಕಾರ್ಯದರ್ಶಿಯ ಬಳಿ. ಇಬ್ಬರೂ ಬರದೆ ಬೀರು ಬಾಯಿ ಬಿಡುವುದಿಲ್ಲ. ಕಾರ್ಯದರ್ಶಿಗೆ ಬೆಳಗಿನ ನಿದ್ದೆ ಪ್ರೀತಿ, ಹಾಗಾಗಿ ದೊಡ್ಡಮ್ಮನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ.

ಅವಳ ತರಗತಿಗೆ ಸೇರಿದ ಮಕ್ಕಳಿಗೆ ಮೊದಲು ಸಿಗುವುದು ಕೋಲು, ರೈಫಲ್ ಅಲ್ಲ. ಆ ಕೋಲನ್ನು ಎತ್ತುವುದು, ಇಳಿಸುವುದು, ತುದಿಯನ್ನು ಮರಳಿನ ಕಡೆಗೇ ಇಟ್ಟುಕೊಂಡು ತಿರುಗದೆ ನಿಲ್ಲುವುದು, ಇಷ್ಟೇ ಪಾಠ. ‘ಗುರಿ ಹೊಡಿಯೋಕೆ ಬಂದ್ರೆ ಕಸ ಗುಡಿಸೋ ಕೋಲು ಕೊಡ್ತಾರೆ’ ಎಂದು ಹುಡುಗರು ಗೊಣಗುತ್ತಾರೆ. ಗೊಣಗಲಿ. ಆಮೇಲೆ ಏರ್ ರೈಫಲ್ ಕೈಗೆ ಬಂದಾಗ ಯಾರಾದರೂ ‘ಮೇಡಂ, ಖಾಲಿ ಇದೆ’ ಅಂದರೋ, ಹುಡುಗಿಯಾದರೆ ‘ತೋರ್ಸಮ್ಮಾ’, ಹುಡುಗನಾದರೆ ‘ತೋರ್ಸಪ್ಪಾ’. ಹೀಗೆ ಹೇಳಿ ಹೇಳಿಯೇ ಅವಳ ಹೆಸರು ತೋರ್ಸಮ್ಮ ಆಯಿತು. ಅವಳ ನಿಜವಾದ ಹೆಸರು ಹೇಳಿದರೆ ಕ್ಲಬ್ಬಿನ ಕಾವಲುಗಾರನೇ ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎಂದು ವಾಪಸು ಕಳಿಸುತ್ತಾನೆ.

ಅವಳ ಕಟ್ಟುನಿಟ್ಟಿಗೆ ಬೆಲೆ ಅವಳೇ ತೆತ್ತಿದ್ದಾಳೆ. ಒಮ್ಮೆ ಒಬ್ಬ ಭಾರಿ ಆಸಾಮಿ ಬಂದು, ಇನ್ನೂ ಸರಿಯಾಗಿ ಮಾತು ಬಾರದ ಮಗನ ಕೈಗೆ ರೈಫಲ್ ಕೊಟ್ಟು ಫೋಟೋ ತೆಗೆಸಬೇಕು ಅಂದ. ದೊಡ್ಡಮ್ಮ ಬೀರು ಮುಚ್ಚಿ ಬೀಗ ಜಡಿದು ‘ಫೋಟೋ ಬೇಕಾದ್ರೆ ಸ್ಟುಡಿಯೋಗೆ ಹೋಗಿ’ ಅಂದಳು.

‘ನಾನ್ಯಾರು ಗೊತ್ತಾ? ಈ ಊರಲ್ಲಿ ನನ್ನನ್ನ ದೊಡ್ಡ ಮನುಷ್ಯ ಅಂತಾರೆ.’

‘ಒಳ್ಳೇದೇ ಆಯ್ತು. ಒಂದೊಂದು ಮಗು ಪಕ್ಕ ಒಬ್ಬೊಬ್ಬ ದೊಡ್ಡ ಮನುಷ್ಯ ಬೇಕು ಇಲ್ಲಿ. ಆ ಮೂಲೇಲಿ ಒಂದು ಹುಡುಗಿ ಒಬ್ಬಳೇ ಇದಾಳೆ, ಹೋಗಿ ನಿಂತ್ಕೊಳ್ಳಿ.’

ಆ ಮನುಷ್ಯ ಕ್ಲಬ್ಬಿಗೆ ಕೊಡುತ್ತೇನೆ ಎಂದಿದ್ದ ಹೊಸ ಮಾಡು ಹೋಯಿತು. ಮಳೆ ಬಂದಾಗ ಈಗಲೂ ಅಲ್ಲಿ ಬಕೆಟ್ ಇಡುತ್ತಾರೆ. ಬಕೆಟ್ ಇಡುವವಳೂ ಅವಳೇ.

ನನ್ನ ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಹತ್ತು ತುಂಬಿದ ಮೇಲೆ ಭಾನುವಾರದ ತರಗತಿಗೆ ಸೇರಿಸಿದೆ. ಔಷಧಿ ಅಂಗಡಿಯಲ್ಲಿ ನನಗೆ ಭಾನುವಾರ ರಜೆ, ಹಾಗಾಗಿ ಅವಳ ಪಕ್ಕದ ‘ದೊಡ್ಡ ಮನುಷ್ಯ’ ನಾನೇ. ಕೋಲಿನ ಪಾಠ ಮುಗಿಯಿತು. ಮೊದಲ ಸಲ ರೈಫಲ್ ಕೊಟ್ಟ ದಿನ ಅವಳು ಅದನ್ನು ಎಷ್ಟು ನಾಜೂಕಾಗಿ ತೆಗೆದುಕೊಂಡಳೆಂದರೆ ನನ್ನ ಎದೆ ಉಬ್ಬಿತು. ದೊಡ್ಡಮ್ಮನ ಮುಖ ಮಾತ್ರ ಸುಟ್ಟ ಬದನೆಕಾಯಿಯಂತಾಯಿತು.

‘ಗುಬ್ಬೀ, ಕೆಳಗಿಡು. ಹಾಗೇ, ಮರಳಿನ ಕಡೆ ತುದಿ. ಈಗ ಹೇಳು, ಇದನ್ನ ಎಲ್ಲಿ ಕಲಿತೆ?’

‘ಯಾವುದನ್ನ ಅಜ್ಜಿ?’

‘ನಿನ್ನ ಹೆಬ್ಬೆರಳು ನಳಿಗೆ ಹಿಂದೆ ಏನೋ ಹುಡುಕ್ತಲ್ಲ, ಅದನ್ನ.’

ಮಗಳು ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡಳು. ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ‘ನಮ್ಮ ರೈಫಲ್ಲಿಗೆ ಅಲ್ಲಿ ಏನೂ ಇಲ್ಲ ಕಣೇ. ಜೋಡಿ ನಳಿಗೆ ಬಂದೂಕಿಗೆ ಅಲ್ಲೊಂದು ಚಿಲಕದಂಥದ್ದು ಇರತ್ತೆ. ಹೆಬ್ಬೆರಳಲ್ಲಿ ತಳ್ಳಿದ್ರೆ ನಳಿಗೆ ಕೆಳಗೆ ಬಾಗಿ ಬಾಯಿ ಬಿಡತ್ತೆ. ಇವಳ ಎಡಗೈ ನಳಿಗೆ ಬಾಗೋದನ್ನ ಹಿಡ್ಕೊಳ್ಳೋಕೆ ಕಾಯ್ತಾ ಇತ್ತು. ಒಂದು ಸಲ ಎರಡು ಸಲ ಮಾಡಿದ ಕೈ ಅಲ್ಲ ಅದು. ನಿಮ್ಮ ಮಾವನ ಹತ್ರ ಇರೋದು ಯಾವುದು?’

‘ಜೋಡಿ ನಳಿಗೇದು’ ಅಂದೆ. ಯಾರೂ ಇಲ್ಲದ ಹೊತ್ತಿನಲ್ಲಿ ನನ್ನ ಮಗಳು ನಿಜವಾದ ಬಂದೂಕು ಬಿಚ್ಚಿ ಆಡಿದ್ದಾಳೆ. ಭಯ ಮೊದಲು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟೇ ಹೆಚ್ಚು ಹೊತ್ತು ನಿಂತಿತು.

‘ನಡಿ’ ಅಂದಳು ದೊಡ್ಡಮ್ಮ. ‘ಬೀಗರ ಮನೆಗೆ ಹೋಗಿ ಬಹಳ ದಿನ ಆಯ್ತು.’

ನನ್ನ ಮಾವ ಬ್ಯಾಂಕಿನ ಕಾವಲುಗಾರರಾಗಿ ನಿವೃತ್ತರಾದವರು. ಲೈಸೆನ್ಸ್ ಇರುವ ಬಂದೂಕು, ಮಲಗುವ ಕೋಣೆಯ ಬಾಗಿಲ ಹಿಂದೆ ಎರಡು ಮೊಳೆಗಳ ಮೇಲೆ, ಮೇಲೊಂದು ಹಳೆ ಚಾದರ. ಮನೆಯಲ್ಲಿ ಅವರ ಶಿಸ್ತು ಭಾರಿ ಶಿಸ್ತು. ಮೊಮ್ಮಗಳ ಕಣ್ಣು ಕೆಡುತ್ತದೆ ಎಂದು ಟೀವಿಯ ರಿಮೋಟನ್ನು ಡ್ರಾಯರಿನೊಳಗೆ ಬೀಗ ಹಾಕಿಡುತ್ತಾರೆ. ಬಂದೂಕಿಗೆ ಚಾದರ, ರಿಮೋಟಿಗೆ ಬೀಗ! ಇದನ್ನು ಎತ್ತಿ ಆಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಗಂಡ ಲಾರಿಯ ಜೊತೆ ಊರೂರು ಸುತ್ತುವವರು, ಅವತ್ತೂ ಊರಲ್ಲಿರಲಿಲ್ಲ. ಇದ್ದಿದ್ದರೂ ಅಪ್ಪನ ಮುಂದೆ ಅವರ ನಾಲಿಗೆ ಹಲ್ಲಿನಿಂದ ಈಚೆ ಬರುತ್ತಿರಲಿಲ್ಲ.

ನಾವು ಹೋದಾಗ ಮಾವ ಊಟ ಮುಗಿಸಿ ದಿಂಬು ತಟ್ಟುತ್ತಿದ್ದರು.

‘ಓಹೋ, ಬನ್ನಿ ಬನ್ನಿ! ಬೀಗಿತ್ತಿಯವರು ದಾರಿ ತಪ್ಪಿ ಬಂದ್ಹಾಗಿದೆ.’

‘ದಾರಿ ಸರಿಯಾಗೇ ಇದೆ ಬೀಗರೇ. ನಿಮ್ಮ ಬಂದೂಕು ಎಲ್ಲಿದೆ?’

ಮಾವ ತಬ್ಬಿಬ್ಬಾದರು. ಕೂತುಕೊಳ್ಳಿ ಎನ್ನುವುದಕ್ಕೂ ಅವಳು ಸಮಯ ಕೊಟ್ಟಿರಲಿಲ್ಲ. ‘ಇದ್ದಲ್ಲೇ ಇದೆ. ಯಾಕೆ? ಖಾಲಿ ಇದೆ ಅದು.’

‘ತೋರ್ಸಿ.’

ಮಾವನಿಗೆ ಕೋಪ ಬಂದರೂ ಜಂಬ ಅದಕ್ಕಿಂತ ಮೊದಲೇ ಎದ್ದಿತು. ಚಾದರ ಸರಿಸಿ, ಬಂದೂಕು ಇಳಿಸಿ, ಹೆಬ್ಬೆರಳಿನಿಂದ ತಳ್ಳಿ ನಳಿಗೆ ಬಾಗಿಸಿದರು. ಎರಡು ತೂತುಗಳಲ್ಲೂ ಕಿಟಕಿಯ ಬೆಳಕು ಕಂಡಿತು. ಖಾಲಿಯೇ ಇತ್ತು. ಮಾವ ಗಹಗಹಿಸಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೆ ಅನ್ನಿಸಿತು.

ದೊಡ್ಡಮ್ಮ ಜಗ್ಗಲಿಲ್ಲ. ‘ಸಂತೋಷ. ಈ ಸಲ ನಿಮ್ಮ ಮಾತು ನಿಜ ಆಯ್ತು. ಗುಂಡು ಎಲ್ಲಿವೆ?’

‘ಡ್ರಾಯರ್‌ನಲ್ಲಿ. ಬೀಗ ಹಾಕಿಟ್ಟಿದೀನಿ.’

‘ಬೀಗದ ಕೈ?’

‘ಅದು ನನಗೊಬ್ಬನಿಗೇ ಗೊತ್ತು. ನೋಡಿ, ಜೀವಮಾನ ಪೂರ್ತಿ ಬ್ಯಾಂಕ್ ಕಾದವನು ನಾನು. ನನಗೆ ಹೇಳ್ಕೊಡೋಕೆ ಬರ್ಬೇಡಿ.’

‘ಬ್ಯಾಂಕಲ್ಲಿ ಮಕ್ಕಳಿರಲಿಲ್ಲ ಬೀಗರೇ.’ ದೊಡ್ಡಮ್ಮ ಗುಬ್ಬಿಯ ಕಡೆ ತಿರುಗಿದಳು. ದನಿ ತಗ್ಗಿತು. ರಿಮೋಟಿನ ಕತೆಯನ್ನು ದಾರಿಯಲ್ಲಿ ನಾನೇ ಅವಳಿಗೆ ಹೇಳಿದ್ದೆ. ‘ತಾತ ಮಲಗಿದಾಗ ನಿನಗೆ ಟೀವಿ ನೋಡ್ಬೇಕು ಅನ್ನಿಸಿದ್ರೆ ಬೀಗದ ಕೈ ಎಲ್ಲಿಂದ ತಗೋತೀಯಾ? ಏನನ್ನೂ ಮುಟ್ಟಬೇಡ. ಬೆರಳು ಮಾತ್ರ ತೋರ್ಸಮ್ಮಾ.’

ಗುಬ್ಬಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳ ಬೆರಳು ಗೋಡೆಯ ಮೇಲೆ ತೂಗುತ್ತಿದ್ದ ಮಾವನ ಹಳೆ ಖಾಕಿ ಕೋಟಿನ ಒಳಜೇಬಿನ ಕಡೆಗೆ ನೇರವಾಗಿ ಹೋಯಿತು. ಮಾವನ ನಗು ಅರ್ಧಕ್ಕೇ ನಿಂತಿತು. ರಿಮೋಟ್ ಹುಡುಕಲು ಹೋದ ಮಗುವಿಗೆ ಅದೇ ಡ್ರಾಯರಿನಲ್ಲಿ ಗುಂಡಿನ ಪೆಟ್ಟಿಗೆಯೂ ಸಿಕ್ಕಿತ್ತು. ಎರಡಕ್ಕೂ ಒಂದೇ ಡ್ರಾಯರು, ಒಂದೇ ಬೀಗ.

‘ಅಯ್ಯೋ, ಅದು ನಂಗೂ ಗೊತ್ತು’ ಅಂದುಬಿಟ್ಟರು ಅತ್ತೆ. ಎಲ್ಲರೂ ಅವರ ಕಡೆ ತಿರುಗಿದರು. ‘ಮಧ್ಯಾಹ್ನದ ಧಾರಾವಾಹಿ ನೋಡ್ಬೇಕಲ್ಲ’ ಎಂದು ಮೆಲ್ಲಗೆ ಸೇರಿಸಿದರು.

‘ಬೀಗರೇ, ಇದು ಬೀಗ ಅಲ್ಲ’ ಅಂದಳು ದೊಡ್ಡಮ್ಮ. ‘ನನ್ನಂಥ ಬೀಗರ ಥರ, ಹೆಸರಿಗೆ ಮಾತ್ರ ಮರ್ಯಾದೆ.’

ಮಾವ ಕೆರಳಿದರು. ಹೆಣ್ಣು ಕೊಟ್ಟ ಕಡೆಯವರು ಬಂದು ತಮ್ಮ ಮನೆಯಲ್ಲೇ ತಮಗೆ ಬುದ್ಧಿ ಹೇಳುವುದೇ? ‘ನನ್ನ ಬಂದೂಕು, ನನ್ನ ಮನೆ. ನನ್ನ ಮೊಮ್ಮಗಳು ಚಿನ್ನದಂಥವಳು, ಮಾತು ಕೇಳ್ತಾಳೆ. ಮುಟ್ಟಬೇಡ ಅಂದ್ರೆ ಮುಟ್ಟಲ್ಲ, ಆಯ್ತಾ?’

ಮದುವೆಯಾಗಿ ಬಂದಾಗಿನಿಂದ ನಾನು ಮಾವನಿಗೆ ಎದುರಾಡಿದವಳಲ್ಲ. ಅವತ್ತು ಆಡಿದೆ. ದನಿ ನಡುಗಿತು, ನಡುಗಲಿ ಎಂದು ಬಿಟ್ಟೆ. ‘ಮಾವ, ಈಗಾಗಲೇ ಮುಟ್ಟಿದಾಳೆ. ಬಂದೂಕು ಹೀಗೇ ಇರತ್ತೆ ಅನ್ನೋದಾದ್ರೆ ನಾನೂ ಇವಳೂ ಈ ಮನೇಲಿ ಇರಲ್ಲ. ಇವತ್ತೇ ಹೊರಡ್ತೀವಿ. ನಿಮ್ಮ ಮಗ ಬಂದ್ರೆ ಹೀಗೇ ಹೇಳಿ.’

‘ಹೋಗ್ತೀನಿ ಅನ್ನೋರನ್ನ ಹಿಡ್ಕೊಳ್ಳೋಕಾಗತ್ತಾ?’ ಮಾವ ಕೂಗಿದರು. ಆಮೇಲೆ ತಮ್ಮ ಕಡೆಗೊಂದು ಸಾಕ್ಷಿ ಬೇಕು ಅನ್ನಿಸಿತೋ ಏನೋ, ಗುಬ್ಬಿಯನ್ನು ಹತ್ತಿರ ಎಳೆದುಕೊಂಡರು. ‘ನೀನೇ ಹೇಳು ಚಿನ್ನ. ಸುಮ್ನೆ ಬಿಚ್ಚಿ ನೋಡಿದ್ದು, ಅಷ್ಟೇ ತಾನೆ? ಯಾರ ಕಡೆಗೂ ಗುರಿ ಇಟ್ಟಿಲ್ಲ ಅಲ್ವಾ?’

ಗುಬ್ಬಿ ಸುಳ್ಳು ಹೇಳುವ ಮಗುವಲ್ಲ. ಅವತ್ತು ಹೇಳಿದ್ದರೆ ಏನಾಗುತ್ತಿತ್ತೋ.

‘ನಿಮ್ಮ ಕಡೆ ತಾತ’ ಅಂದಳು. ‘ನೀವು ತುಂಬಾ ಗೊರಕೆ ಹೊಡೀತಿದ್ರಿ. ಮಂಚದ ಹತ್ರ ನಿಂತ್ಕೊಂಡು ನಿಮ್ಮ ಹಣೆಗೆ ಗುರಿ ಇಟ್ಟೆ. ಆಟಕ್ಕೆ.’

ಅವಳನ್ನು ಹಿಡಿದಿದ್ದ ಮಾವನ ಕೈ ಜಾರಿತು.

‘ಖಾಲಿ ಇತ್ತು ತಾತ. ಮೊದಲು ಗುಂಡು ಹಾಕಿ ನೋಡಿದ್ದೆ, ಸರಿಯಾಗಿ ಕೂತ್ಕೊಳ್ಳತ್ತಾ ಅಂತ. ಆಮೇಲೆ ತೆಗೆದಿದ್ದೆ.’

‘ಎರಡೂ ತೆಗೆದಿದ್ಯಾ?’ ದೊಡ್ಡಮ್ಮ ಕೇಳಿದಳು.

ಗುಬ್ಬಿ ಯೋಚಿಸಿದಳು. ‘ತೆಗೆದಿದ್ದೆ ಅನ್ಸತ್ತೆ.’

ಮಾವ ಮಂಚದ ಮೇಲೆ ಕುಸಿದು ಕೂತರು. ಅವರ ಕೈ ತಾನಾಗಿ ಹಣೆಗೆ ಹೋಯಿತು. ‘ಅನ್ಸತ್ತೆ’ ಎಂದು ಒಮ್ಮೆ ಮೆಲ್ಲಗೆ ತಾವೇ ಹೇಳಿಕೊಂಡರು. ನಾನು ಮಗಳನ್ನು ಅವಚಿಕೊಂಡು ಅತ್ತುಬಿಟ್ಟೆ. ನಮ್ಮತ್ತೆ ಮಾತ್ರ ಅಳಲಿಲ್ಲ. ಗಂಡನ ಮುಂದೆ ಎಂದೂ ತಲೆ ಎತ್ತದ ಆ ಹೆಂಗಸು ನೇರ ಹೋಗಿ, ಕೋಟಿನಿಂದ ಬೀಗದ ಕೈ ತೆಗೆದು, ಡ್ರಾಯರ್ ತೆರೆದು, ರಿಮೋಟನ್ನು ತಂದು ಟೀವಿಯ ಮೇಲೆ ಟಪ್ ಎಂದು ಇಟ್ಟರು. ‘ಇದು ಇನ್ಮೇಲೆ ಇಲ್ಲೇ ಇರತ್ತೆ. ಬೀಗ ಹಾಕೋದನ್ನ ಹಾಕಿ’ ಅಂದರು.

ಬಂದೂಕನ್ನೂ ಗುಂಡಿನ ಪೆಟ್ಟಿಗೆಯನ್ನೂ ಮರುದಿನವೇ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಇಟ್ಟು ಬಂದೆವು. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರು ಬರುವವರೆಗೆ, ಗುಂಡಿಗೆ ಬೇರೆಯದೇ ಪೆಟ್ಟಿಗೆ ಬರುವವರೆಗೆ ಅದು ಮನೆಗೆ ಬರಕೂಡದು ಎಂದು ದೊಡ್ಡಮ್ಮ ತಾಕೀತು ಮಾಡಿದ್ದಳು. ಮಾವ ಎಲ್ಲಕ್ಕೂ ಹೂಂ ಎಂದರು. ಒಂದಕ್ಕೆ ಮಾತ್ರ ತಕರಾರು ತೆಗೆದರು.

‘ಇವಳನ್ನ ಆ ಕ್ಲಬ್ಬಿಗೆ ಕಳಿಸೋದು ಬೇಡ. ಬಂದೂಕಿನ ಸಹವಾಸವೇ ಬೇಡ.’

‘ಕಳಿಸ್ತಾಳೆ’ ಅಂದಳು ದೊಡ್ಡಮ್ಮ, ನನ್ನ ಪರವಾಗಿ ತಾನೇ. ‘ಕದ್ದು ಮುಟ್ಟಿದ ಕೈ ಇದು. ಎದುರಿಗೆ ಮುಟ್ಟೋದು ಹೇಗೆ ಅಂತ ಕಲೀದೆ ಇದ್ರೆ ನಾಳೆ ಇನ್ನೊಬ್ಬರ ಮನೇಲಿ ಕದ್ದು ಮುಟ್ಟತ್ತೆ. ಇನ್ನೊಂದು ಮಾತು ಬೀಗರೇ, ಮುಂದಿನ ವಾರದಿಂದ ಅವಳ ಪಕ್ಕ ನಿಲ್ಲೋದು ಅವಳಮ್ಮ ಅಲ್ಲ. ನೀವು.’

ಮಾವ ಬರಲಾರರು ಅಂದುಕೊಂಡಿದ್ದೆ. ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಕಾರ್ಯದರ್ಶಿ ಕುರ್ಚಿ ತಂದು ಹಾಕಿದರೆ ದೊಡ್ಡಮ್ಮ ಅದನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದಳು. ‘ಇಲ್ಲಿ ಕೂತು ನೋಡೋ ಹಾಗಿಲ್ಲ. ಕೈಗೆ ಎಟುಕೋ ಹಾಗೆ ನಿಂತ್ಕೊಳ್ಳಿ. ಅವಳ ಕೈ ನೋಡಿ, ಗುರಿ ನೋಡ್ಬೇಡಿ.’ ಊರಿಗೆಲ್ಲ ಗುಡುಗುತ್ತಿದ್ದ ಮನುಷ್ಯ ಶಾಲೆಯ ಹುಡುಗನ ಹಾಗೆ ಹೋಗಿ ನಿಂತರು.

ಗುಬ್ಬಿ ಬೆರಳನ್ನು ಟ್ರಿಗರಿನಿಂದ ದೂರ ಇಟ್ಟು ರೈಫಲ್ ಎತ್ತಿದಳು. ಮಾವ ಅವಳ ಕೈಯನ್ನೇ ನೋಡುತ್ತ ಅರ್ಧ ಹೆಜ್ಜೆ ಹತ್ತಿರ ಸರಿದರು. ಅವಳು ಮರಳಿನ ಕಡೆಯಿಂದ ಮುಖ ತಿರುಗಿಸದೆಯೇ ಕೇಳಿದಳು:

‘ತಾತ, ನೀವು ನೋಡ್ತಾ ಇದೀರಾ?’

‘ನೋಡ್ತಾ ಇದೀನಿ ಮಗಳೇ’ ಅಂದರು ಮಾವ, ಇಡೀ ಗೋದಾಮಿಗೆ ಕೇಳಿಸುವ ಹಾಗೆ. ‘ನಿದ್ದೆ ಮಾಡ್ತಿಲ್ಲ.’