ರಾಹುಕಾಲದಲ್ಲಿ ರೂಟರ್

ನನ್ನ ಮೊಮ್ಮಗಳ ಕೈಕೆಳಗೆ ಒಬ್ಬ ಆಳಿದ್ದಾನೆ. ಅವನಿಗೆ ಸಂಬಳ ಬೇಡ, ಊಟ ಬೇಡ, ಹಬ್ಬಕ್ಕೆ ಬಟ್ಟೆಯೂ ಬೇಡ. ಏಐ ಏಜೆಂಟ್ ಎನ್ನುತ್ತಾರೆ. ಅವಳು ಇಲ್ಲಿ ಗಾಜುವಾಕದ ನಮ್ಮ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಹೇಳಿದರೆ ಸಾಕು, ಅವನು ದೂರದ ವಿಜಯವಾಡದ ಆಟೋನಗರದ ಅಂಗಡಿಗಳ ರೂಟರ್ ಒಳಗೆ ಹೊಕ್ಕು ಸರಿಮಾಡಿ ಬರುತ್ತಾನೆ. ರೂಟರ್ ಅಂದರೆ ಇಂಟರ್ನೆಟ್ ಹಂಚುವ ಡಬ್ಬಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇಷ್ಟು ತಿಳಿದರೆ ಹೆಚ್ಚಾಯಿತು.

ಮೊದಲು ಅವನು ಬರೀ ನೋಡಿ ವರದಿ ಹೇಳುತ್ತಿದ್ದ. ಆಮೇಲೆ ಮೊಮ್ಮಗಳ ಕಂಪನಿಯವರು, ಅವಳು ಬರೆದುಕೊಟ್ಟ ಕಮಾಂಡುಗಳನ್ನು ಅವನೇ ಓಡಿಸಲಿ ಎಂದರು. ಒಂದು ತಿಂಗಳು ಪರೀಕ್ಷೆ. ಅಷ್ಟರಲ್ಲಿ ಒಂದು ಸಲ ಅಂಗಡಿಗೆ ಮನುಷ್ಯನನ್ನು ಕಳಿಸಬೇಕಾಗಿ ಬಂದರೂ ಅವಳು ವಿಜಯವಾಡಕ್ಕೇ ಬಂದು ಇರಬೇಕೆಂದು ಮ್ಯಾನೇಜರ್ ಹೇಳಿದ್ದ. ಇವಳ ಗಂಡನಿಗೆ ಇಲ್ಲಿ ಬಂದರಿನಲ್ಲಿ ಶಿಫ್ಟ್ ಕೆಲಸ. ಮಗು ಇನ್ನೂ ಎದೆಹಾಲು ಬಿಟ್ಟಿಲ್ಲ. ಅವಳು ಹೋದರೆ ಮಗುವಿನ ಜೊತೆ ನಾನೂ ಗಂಟು ಕಟ್ಟಬೇಕು. ಬ್ಯಾಂಕಿನಲ್ಲಿದ್ದ ಗಂಡನ ಹಿಂದೆ ಹಾವೇರಿ ಬಿಟ್ಟವಳು ನಾನು, ವರ್ಗಾವಣೆಯ ಚಟ ಎಂದೋ ತೀರಿತ್ತು.

ಅದೊಂದು ಶುಕ್ರವಾರ ಬೆಳಗ್ಗೆ ಅವಳು ಹಣೆಗೆ ಕೈ ಹಚ್ಚಿ ಕೂತಿದ್ದಳು.

“ಏನಾತು? ಮಾರಿ ಯಾಕ ಹಂಗಾಗೇತಿ?”

“ಅಮ್ಮಮ್ಮ, ಒಂದು ಅಂಗಡಿಯ ರೂಟರ್ ಒಳಗೆ ಹೊರಗಿನವರು ಯಾರೂ ಬರಬಾರದು ಅಂತ ಕಮಾಂಡ್ ಕೊಟ್ಟೆ. ಏಜೆಂಟೂ ಹೊರಗಿನವನೇ ಅಲ್ವಾ!”

“ಹೊರಗ ನಿಂತು ತಾನ ಕೀಲಿ ಹಾಕ್ಕೊಂಡಾನ? ಭಾಳ ಶಾಣ್ಯಾ ಅಂತಿದ್ದಿ.”

ಅವಳು ನಗಲಿಲ್ಲ. ಏಜೆಂಟ್ ಮಾತ್ರ ‘ಕೆಲಸ ಯಶಸ್ವಿಯಾಗಿ ಮುಗಿದಿದೆ’ ಎಂದು ಬರೆದಿದ್ದ. ಅವನ ತಪ್ಪಿಲ್ಲ ಬಿಡಿ, ಹೇಳಿದ್ದನ್ನೇ ಮಾಡಿದ್ದ.

ಮ್ಯಾನೇಜರನ ಪರದೆಯಲ್ಲಿ ಆ ಅಂಗಡಿಯ ಚುಕ್ಕೆ, ಕಂಪನಿಯ ಜೊತೆ ಸಂಪರ್ಕ ಕಡಿದು, ಕೆಂಪಾಗಿತ್ತು. ಹನ್ನೆರಡರೊಳಗೆ ಹಸಿರಾಗದಿದ್ದರೆ ಮನುಷ್ಯನನ್ನು ಕಳಿಸುವುದಾಗಿ ಫೋನಿನಲ್ಲಿ ತಣ್ಣಗೆ ಹೇಳಿದ. ಉಪಾಯ ಬಹಳ ಸಣ್ಣದಿತ್ತು. ಹೊಸ ಬದಲಾವಣೆ ಡಬ್ಬಿಯಲ್ಲಿ ಇನ್ನೂ ಸೇವ್ ಆಗಿರಲಿಲ್ಲ. ಒಮ್ಮೆ ಸ್ವಿಚ್ ಆರಿಸಿ ಹಾಕಿದರೆ ಅದು ಎಲ್ಲ ಮರೆತು ಹಳೆಯ ಹಾಗೆ ಬಾಗಿಲು ತೆರೆಯುತ್ತಿತ್ತು. ಆದರೆ ಸ್ವಿಚ್ಚಿಗೆ ಬೆರಳು ಬೇಕಲ್ಲ. ಅಂಗಡಿಯ ಯಜಮಾನರಿಗೆ ಫೋನ್ ಮಾಡಿದಳು. ಲಾರಿಯ ಬ್ರೇಕಿನ ಸಾಮಾನು ಮಾರುವ ವಯಸ್ಸಾದವರು.

“ಆರಿಸೋಕೆ ಅಡ್ಡಿಯಿಲ್ಲಮ್ಮಾ,” ಎಂದರು ತೆಲುಗಿನಲ್ಲಿ. “ಹಾಕೋದು ಮಾತ್ರ ಹನ್ನೆರಡಾದ ಮೇಲೆ. ಶುಕ್ರವಾರ ಅಲ್ವಾ, ರಾಹುಕಾಲ ನಡೀತಿದೆ.”

“ಅಂಕಲ್ ಗಾರು, ಪ್ಲೀಸ್. ಅದು ಬರೀ ಡಬ್ಬಿ.”

“ಹೊಸ ಅಂಗಡಿಗೆ ಹೊಸ ಡಬ್ಬಿ. ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು ಶುರು ಮಾಡಿದ್ದು. ನನ್ನ ನೆಟ್ ಚೆನ್ನಾಗೇ ಬರ್ತಿದೆ. ನಿನ್ನ ಅವಸರಕ್ಕೆ ನನ್ನ ವ್ಯಾಪಾರ ಯಾಕೆ ಕೆಡಬೇಕು?”

ಅವಳ ಕಣ್ಣಲ್ಲಿ ನೀರು ಬಂತು. ಏಜೆಂಟ್ ‘ಸ್ಥಳೀಯ ವ್ಯಕ್ತಿಯ ನೆರವು ಪಡೆಯಿರಿ’ ಎಂದು ಸಲಹೆ ಕೊಟ್ಟ. ಉಪಕಾರವಾಯಿತು ಮಾರಾಯ. ನಾನು ಫೋನ್ ಕಸಿದುಕೊಂಡೆ. ನನ್ನ ತೆಲುಗು ಮೀನು ಮಾರುವವರ ಜೊತೆ ಜಗಳಾಡುತ್ತ ಕಲಿತದ್ದು. ಕೇಳುವವರಿಗೆ ಹಿತವಲ್ಲ, ಅರ್ಥವಂತೂ ಆಗುತ್ತದೆ.

“ರಾಹುಕಾಲದಾಗ ಗಿರಾಕಿ ಬಂದರ ವಾಪಸ್ ಕಳಸ್ತೀರಿ?”

“ಅದ್ಹೇಗಾಗುತ್ತೆ ಅಮ್ಮಾ?”

“ಕರೆಂಟ್ ಹೋಗಿ ಬಂದರ ಫ್ಯಾನ್ ನಿಲ್ಲಸ್ತೀರಿ?”

“ಅದು ಕರೆಂಟಿನವರು ಮಾಡೋದು. ದೋಷ ಅವರಿಗೆ.”

“ಹಂಗಿದ್ದರ ಇದರ ದೋಷ ನನಗ. ನಾ ಹಾಕ್ರಿ ಅಂದೆ, ನೀವು ಹಾಕಿದಿರಿ. ರಾಹು ಕೇಳಿದರ ಗಾಜುವಾಕದ ಮುದುಕಿ ಅಂತ ಹೇಳ್ರಿ.”



“ವಿಳಾಸ ಗೊತ್ತಿದೆ ತಾನೇ ರಾಹುವಿಗೆ?” ಎಂದರು, ನಗು ತಡೆದುಕೊಂಡು.

“ಮದುವಿ ಆದಾಗಿಂದ ಗೊತ್ತೈತಿ.”

ಟಕ್ ಎಂದಿತು. ಮತ್ತೆ ಟಕ್ ಎಂದಿತು. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗ ಚುಕ್ಕೆ ಹಸಿರಾಯಿತು. ಏಜೆಂಟ್ ಕೂಡಲೇ ವರದಿ ಬರೆದ: ‘ಮನುಷ್ಯನನ್ನು ಕಳಿಸದೆ, ದೂರದಿಂದಲೇ ಸಂಪರ್ಕ ಮರಳಿ ಪಡೆಯಲಾಗಿದೆ.’ ಸುಳ್ಳು ಅನ್ನುವ ಹಾಗೂ ಇಲ್ಲ.

ಮ್ಯಾನೇಜರ್ ಅದನ್ನು ಓದಿ ಬಹಳ ಸಂತೋಷಪಟ್ಟ. ಪರೀಕ್ಷೆ ಪಾಸು, ವಿಜಯವಾಡಕ್ಕೆ ಬರುವುದು ಬೇಡ ಎಂದ. ಇಷ್ಟು ಚೆನ್ನಾಗಿ ನಡೆಯುತ್ತದೆಂದಾದರೆ ಆಟೋನಗರದ ಉಳಿದ ಅಂಗಡಿಗಳನ್ನೂ ಇವಳೇ ನೋಡಿಕೊಳ್ಳಲಿ ಎಂದೂ ಹೇಳಿದ. ಈಗ ಪ್ರತಿ ಕಮಾಂಡಿಗೂ ಮೊದಲು, ಮತ್ತೆ ಸ್ವಿಚ್ಚಿಗೆ ಬೆರಳು ಬೇಕಾದೀತೆಂದು, ಅವಳು ಆಯಾ ಯಜಮಾನರಿಗೆ ಫೋನ್ ಮಾಡಿ, ಯಾವ ಹೊತ್ತು ಒಳ್ಳೆಯದೆಂದು ಕೇಳುತ್ತಾಳೆ. ಅವರು ಪಂಚಾಂಗ ನೋಡಿ ಹೇಳುವವರೆಗೆ ಏಜೆಂಟ್ ಕಾಯುತ್ತಾನೆ, ಅವನಿಗೆ ಬೇಜಾರಿಲ್ಲ. ಮಗುವಿನ ತಾಯಿ ಮನೆಯಲ್ಲೇ ಇದ್ದಾಳೆ, ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ. ಮಗು ನನ್ನ ಸೊಂಟದ ಮೇಲಿದೆ.