ಜನರೇಟರ್ ಶುರುವಾಗುವಷ್ಟರಲ್ಲಿ

ದೊಡ್ಡನೆಕ್ಕುಂದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಾಲೀಕರು ಆ ಊರಿನವರೇ. ಅವರ ತಂದೆ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ನಮ್ಮ ಶೆಡ್ ನಿಂತಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಡೀಸೆಲ್ ಜನರೇಟರಿನ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸುವ ಕಾಲ ಬಂತು. ಅದೇ ಹೊತ್ತಿಗೆ ಒಂದು ಕಂಪನಿಯವರು ಬಂದು, ಚಾವಣಿ ಮೇಲೆ ಸೋಲಾರ್, ಕೆಳಗೆ ದೊಡ್ಡ ಬ್ಯಾಟರಿ ಹಾಕಿದರೆ ಕಾರ್ಖಾನೆಗೆ ತನ್ನದೇ ಆದ ಕರೆಂಟ್ ವ್ಯವಸ್ಥೆ ಆಗುತ್ತದೆ ಎಂದರು.

"ಹಾಕಿದ ದುಡ್ಡು ಐದು ವರ್ಷದೊಳಗೆ ವಾಪಸ್ ಬರತ್ತಾ ನೋಡಮ್ಮ. ಬಂದ್ರೆ ಮಾಡೋಣ, ಇಲ್ಲಾಂದ್ರೆ ಬೇಡ," ಎಂದರು ಮಾಲೀಕರು.

ಡೀಸೆಲ್ ಉಳಿತಾಯ, ಕರೆಂಟ್ ಬಿಲ್ಲಿನ ಉಳಿತಾಯ ಎರಡನ್ನೂ ಕೂಡಿಸಿ ನೋಡಿದೆ. ಎಂಟು ವರ್ಷ ಬಂತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು. ಜನರೇಟರ್ ನೋಡಿಕೊಳ್ಳುತ್ತಿದ್ದವರು ಶಿವಾಜಿನಗರದ ಒಬ್ಬ ವಯಸ್ಸಾದ ಮೆಕ್ಯಾನಿಕ್. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಪ್ರತಿ ತಿಂಗಳು ತಪ್ಪದೆ ಬರುತ್ತಿದ್ದರು. ಬ್ಯಾಟರಿ ಬಂದರೆ ಅವರ ಕೆಲಸಕ್ಕೆ ಕುತ್ತು.

ರಿಪೇರಿ ಪಟ್ಟಿ ಕೊಡಲು ಬಂದ ದಿನ ಅವರಿಗೆ ಚಹಾ ಕೊಟ್ಟು, ನನ್ನ ಲೆಕ್ಕದ ಹಾಳೆ ತೋರಿಸಿ, "ಬ್ಯಾಟರಿ ಲೆಕ್ಕ ಗಿಟ್ಟಲ್ಲ ಚಾಚಾ, ರಿಪೇರೀನೇ ಮಾಡ್ಸೋದು," ಎಂದೆ.

ಅವರು ಹಾಳೆ ಓದಿ ಕೇಳಿದರು: "ಕರೆಂಟ್ ಹೋದ್ಮೇಲೆ ನನ್ನ ಜನರೇಟರ್ ಶುರು ಆಗೋಕೆ ಅರ್ಧ ನಿಮಿಷ ಬೇಕು ಬೇಟಿ. ಅಷ್ಟರಲ್ಲಿ ಮೆಷಿನೆಲ್ಲ ನಿಂತ್ಬಿಡತ್ತಲ್ಲ, ಬ್ಯಾಟರಿ ಇದ್ರೆ ನಿಲ್ಲಲ್ಲ. ಅದನ್ನ ಎಲ್ಲಿ ಬರ್ದಿದೀರ?"

ಎಲ್ಲಿಯೂ ಬರೆದಿರಲಿಲ್ಲ. ನಾನು ಕೂರುವುದು ಮಹಡಿಯ ಕೋಣೆಯಲ್ಲಿ. ಅಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಂತು ಮತ್ತೆ ತಿರುಗುತ್ತದೆ, ಅಷ್ಟೇ.

ಮರುದಿನದಿಂದ ಒಂದು ತಿಂಗಳು ನೋಟ್‌ಬುಕ್ ಹಿಡಿದು ಕೆಳಗೇ ನಿಂತೆ. ಮಳೆಗಾಲ ಶುರುವಾಗಿತ್ತು, ಕರೆಂಟ್ ದಿನಕ್ಕೆ ಮೂರು ನಾಲ್ಕು ಸಲ ಹೋಗುತ್ತಿತ್ತು. ಪ್ರತಿ ಸಲವೂ ಅಚ್ಚಿನೊಳಗಿದ್ದ ಮುಚ್ಚಳ ಅರ್ಧಕ್ಕೇ ನಿಲ್ಲುತ್ತಿತ್ತು. ಮೆಷಿನ್ ಮತ್ತೆ ಹದಕ್ಕೆ ಬರುವ ತನಕ ಕರಗಿದ ಪ್ಲಾಸ್ಟಿಕ್ಕನ್ನು ಮುದ್ದೆ ಮುದ್ದೆಯಾಗಿ ಹೊರಗೆ ತೆಗೆದು ಒಂದು ಡ್ರಮ್ಮಿಗೆ ಹಾಕಬೇಕಿತ್ತು. ಹಾಳಾದ ಮುಚ್ಚಳ ಆರಿಸಿ ತೆಗೆಯುವ ಹೆಂಗಸರು ಸಂಜೆ ಒಂದು ಗಂಟೆ ಹೆಚ್ಚು ನಿಲ್ಲಬೇಕಿತ್ತು. ಅವರಲ್ಲಿ ಒಬ್ಬಾಕೆ ರಾಮಮೂರ್ತಿ ನಗರದಲ್ಲಿ ನಮ್ಮ ಪಕ್ಕದ ಬೀದಿಯವಳೇ. "ದಿನಾ ಬಸ್ ತಪ್ಪೋದು ಇದಕ್ಕೇ ಅಕ್ಕ. ನೀವು ಬೇಗ ಹೋಗ್ತೀರಲ್ಲ, ನಿಮಗೆ ಗೊತ್ತಾಗಲ್ಲ," ಎಂದಳು. ನನಗೆ ನಾಚಿಕೆಯಾಯಿತು.

ಮುದ್ದೆಗಳನ್ನು ತೂಗಿಸಿ, ಹಾಳಾದ ಮುಚ್ಚಳ ಎಣಿಸಿ, ಹೆಚ್ಚುವರಿ ಕೂಲಿ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಮಳೆಯ ತಿಂಗಳೊಂದನ್ನೇ ಇಡೀ ವರ್ಷಕ್ಕೆ ಹಿಡಿಯುವುದು ತಪ್ಪೆಂದು ಸಾಕಷ್ಟು ಕಡಿಮೆ ಮಾಡಿಯೂ ನೋಡಿದೆ. ಐದು ವರ್ಷದೊಳಗೇ ಬಂತು.

ಹಾಳೆಯ ಕೊನೆಯಲ್ಲಿ ಜನರೇಟರ್ ನೋಡಿಕೊಳ್ಳುವ ವಾರ್ಷಿಕ ಖರ್ಚು ಎಂದು ಒಂದು ಸಾಲು ಇತ್ತು. ಮಾಲೀಕರು ಅದರ ಮೇಲೆ ಬೆರಳಿಟ್ಟರು. "ಬ್ಯಾಟರಿ ಬಂದ್ಮೇಲೆ ಇದ್ಯಾಕಮ್ಮ?"

"ಬ್ಯಾಟರಿ ಎರಡು ಗಂಟೆ ತಡ್ಕೊಳತ್ತೆ ಸಾರ್. ಆಮೇಲೆ ಜನರೇಟರೇ ಬೇಕು, ಅದರ ರಿಪೇರೀನೂ ಲೆಕ್ಕಕ್ಕೆ ಹಿಡಿದೀನಿ. ಸುಮ್ನೆ ಬಿಟ್ರೆ ಬೇಕಾದಾಗ ಶುರು ಆಗಲ್ಲ."

ಅವರು ನನ್ನ ಮುಖ ನೋಡಿ ಸಣ್ಣಗೆ ನಕ್ಕು ಸಹಿ ಹಾಕಿದರು.

ಜನರೇಟರ್ ನೋಡಿಕೊಳ್ಳುವ ವಾರ್ಷಿಕ ಒಪ್ಪಂದದ ಕಾಗದ ಹಿಡಿದು ಶಿವಾಜಿನಗರದ ಚಾಚಾ ಅಂಗಡಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ವರ್ಷಕ್ಕೆ ಆರು ಸಲ ಬರಬೇಕು ಅಂತ ಬರ್ದಿದೀರ. ನಾಲ್ಕು ಸಾಕು," ಎಂದರು.

"ಚಾಚಾ, ನಿಮಗೆ ನಷ್ಟ ಆಗತ್ತೆ ಅಂತ ಗೊತ್ತಿದ್ದೂ ಅವತ್ತು ಯಾಕೆ ಹೇಳಿದ್ರಿ?"

"ಇಪ್ಪತ್ತು ವರ್ಷ ಆ ಮೆಷಿನ್ ನಿಲ್ಲೋದು ನೋಡಿದೀನಿ. ನೀವು ಕಾಗದ ತೋರ್ಸಿದ್ರಿ, ತಪ್ಪಿತ್ತು, ಹೇಳ್ದೆ." ಅಷ್ಟು ಹೇಳಿ ಸಹಿಗೆ ಪೆನ್ ಕೇಳಿದರು.

ನಾನು ಆರು ಎಂಬುದನ್ನು ನಾಲ್ಕು ಎಂದು ತಿದ್ದಿದೆ.

ಸೋಲಾರ್, ಬ್ಯಾಟರಿ ಹಾಕಿಸಿದ ಮೊದಲ ವರ್ಷ ಮೋಡ ಹೆಚ್ಚಿತ್ತು, ಬಿಲ್ಲಿನ ಉಳಿತಾಯ ನಾನು ಹೇಳಿದ್ದಕ್ಕಿಂತ ಕಡಿಮೆಯಾಯಿತು. ಮಾಲೀಕರಿಗೆ ಇದ್ದದ್ದು ಇದ್ದ ಹಾಗೆ ತೋರಿಸಿದೆ. ಐದು ವರ್ಷದ ಮೇಲೆ ಇನ್ನೂ ಕೆಲವು ತಿಂಗಳು ಹಿಡಿಯಬಹುದು ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಮುದ್ದೆಗಳ ಡ್ರಮ್ಮು ಮಾತ್ರ ಆಗ ಖಾಲಿಯೇ ಇರುತ್ತಿತ್ತು, ಹೆಂಗಸರು ಅದನ್ನು ತೊಳೆದು ನೀರು ತುಂಬಿಡಲು ಶುರುಮಾಡಿದ್ದರು.